ಮಕ್ಕಳ ಕೈಹಿಡಿದು ರೋಮಿಗೆ

(ಜೂನ್ 21: ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬದ ನಿಮಿತ್ತ)



2024ರ ಕ್ರಿಸ್ಮಸ್ ಜಾಗರಣೆಯ ದಿನ ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರ ತೆರೆಯಿತು. 2026ರ ಜನವರಿ 6ರಂದು ಅದು ಮುಚ್ಚಿತು. ಈ ನಡುವಣ ಜೂಬಿಲಿ ವರ್ಷದಲ್ಲಿ ಲೋಕದ ಎಲ್ಲ ಮೂಲೆಗಳಿಂದ ಭಕ್ತರು ರೋಮ್ ನಗರಕ್ಕೆ ಹರಿದು ಬಂದರು. ಎಷ್ಟೋ ತಂದೆತಾಯಿಯರು ಶಾಲೆಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆದೊಯ್ದರು. ಹಾಗೆ ಹೋಗಿ ಬಂದವರನ್ನು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ನಮಗೆ ಕಣ್ತುಂಬಿ ಬಂತು ಫಾದರ್, ಆದರೆ ಮಕ್ಕಳಿಗೆ ಬೇಸರವಾಯಿತು. ಎರಡನೆಯ ದಿನಕ್ಕೇ ಇನ್ನೆಷ್ಟು ಚರ್ಚು ನೋಡಬೇಕು ಅಂತ ಕೇಳಿದರು."

ಈ ಮಾತನ್ನು ನಾವು ನಕ್ಕು ಬಿಟ್ಟುಬಿಡಬಾರದು. ಮಕ್ಕಳ ಪ್ರಶ್ನೆಯಲ್ಲಿ ನ್ಯಾಯವಿದೆ. ಕಂಬಗಳನ್ನು ಎಣಿಸುವುದಕ್ಕೆ, ಅಮೃತಶಿಲೆಯ ಬೆಲೆ ಅಂದಾಜು ಮಾಡುವುದಕ್ಕೆ ಯಾವ ಮಗುವೂ ಅಷ್ಟು ದೂರ ಹೋಗಬೇಕಾಗಿಲ್ಲ. ಅದೇ 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೊ ಅವರು ಕಾರ್ಲೊ ಅಕುಟಿಸರನ್ನು ಸಂತರೆಂದು ಘೋಷಿಸಿದರು. ಹದಿನೈದು ವರ್ಷಕ್ಕೆ ತೀರಿಕೊಂಡ, ಜೀನ್ಸ್ ತೊಟ್ಟ ಆ ಹುಡುಗನನ್ನು ನೋಡಲು ಮಕ್ಕಳು ಅಸಿಸಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಅಲ್ಲಿ ಬೇಸರದ ಮಾತಿಲ್ಲ. ಏಕೆ? ಹಳೆಯ ಊರಿನಲ್ಲಿ ಮಕ್ಕಳು ಹುಡುಕುವುದು ಕಲ್ಲನ್ನಲ್ಲ, ತಮ್ಮ ಪ್ರಾಯದ ಒಬ್ಬರನ್ನು.

ಕೊಡ್ಲಿಪೇಟೆ, ಶನಿವಾರಸಂತೆ ಸೀಮೆಯ ನಮ್ಮ ಕುಟುಂಬಗಳಲ್ಲಿ ರೋಮಿಗೆ ಟಿಕೆಟ್ ಕೊಳ್ಳಬಲ್ಲವರು ಎಷ್ಟು ಮಂದಿ? ಕಾಫಿ ಬೆಲೆ ಏರಿದ ವರ್ಷವೂ ಸಾಲ ತೀರಿಸುವುದೇ ಮೊದಲ ಕೆಲಸ. ತೋಟದ ಲೈನುಮನೆಗಳಲ್ಲಿರುವ ನಮ್ಮ ಜನರಿಗಂತೂ ಅದು ಕನಸಿನ ಮಾತು. ಆದರೆ ಸಕಲೇಶಪುರಕ್ಕೆ ಹೋಗಿ, ಶಿರಾಡಿ ಘಾಟಿ ಇಳಿದರೆ ಅದೇ ದಿನ ಮುಟ್ಟಬಹುದಾದ ಒಂದು ರೋಮ್ ನಮಗಿದೆ. ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿನ ಸಂತ ಅಲೋಶಿಯಸ್ ಕಾಲೇಜಿನ ದೇವಾಲಯವೇ ಅದು. ಈ ಹಬ್ಬದಂದು ಮಕ್ಕಳ ಕೈಹಿಡಿದು ಅಲ್ಲಿಗೆ, ಅಲ್ಲಿಂದ ರೋಮಿಗೆ ಮನಸ್ಸಿನಲ್ಲೇ ಹೋಗಿ ಬರೋಣ.

ಗುಡ್ಡದ ಮೇಲಿನ ದೇವಾಲಯ

1878ರಲ್ಲಿ ಜಗದ್ಗುರು ಹದಿಮೂರನೆಯ ಲಿಯೊ ಅವರು ಮಂಗಳೂರು ಸೀಮೆಯ ಧರ್ಮಸೇವೆಯನ್ನು ಯೇಸುಸಭೆಯವರಿಗೆ ಒಪ್ಪಿಸಿದರು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಅವರ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಅವರಲ್ಲಿ ಹೆಚ್ಚಿನವರು ಇಟಲಿಯವರು. ವರ್ಷವೊಂದು ಕಳೆಯುತ್ತಿದ್ದಂತೆ, 1880ರಲ್ಲಿ, ಕಾಲೇಜು ಆರಂಭವಾಯಿತು. ಇಂದು ಪರಿಗಣಿತ ವಿಶ್ವವಿದ್ಯಾಲಯವಾಗಿ ಬೆಳೆದಿರುವ ಸಂಸ್ಥೆ ಅದೇ. ಬಂದವರು ಇಟಾಲಿಯನ್ ಭಾಷೆಯಲ್ಲೇ ಉಳಿಯಲಿಲ್ಲ. ಅವರಲ್ಲೊಬ್ಬರಾದ ಆಂಜೆಲೊ ಮಾಫೆಯಿ ಸ್ವಾಮಿಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಕಲಿಸಲು ಬಂದವರು ಮೊದಲು ಕಲಿಯಲು ಕುಳಿತರು.

ಕಾಲೇಜಿನ ದೇವಾಲಯ 1880ರ ದಶಕದಲ್ಲಿ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಕರಾವಳಿಯ ಬೇರೆ ದೇವಾಲಯಗಳಿಗಿಂತ ವಿಶೇಷವೇನೂ ಕಾಣದು. ಒಳಗೆ ಕಾಲಿಟ್ಟವರು ಮಾತ್ರ ಮಾತು ನಿಲ್ಲಿಸುತ್ತಾರೆ. ಗೋಡೆ, ಕಮಾನು, ಛಾವಣಿ, ಎಲ್ಲೆಲ್ಲೂ ಚಿತ್ರಗಳು. ಇವನ್ನು ಬರೆದವರು ಬ್ರದರ್ ಆಂತೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಮೊ ನಗರದ ಪಕ್ಕದ ಸ್ತೆತ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಮೊದ ಕರ್ರಾರಾ ಕಲಾಶಾಲೆಯಲ್ಲಿ ಓದಿ, ರೋಮಿನಲ್ಲಿ ಹಿರಿಯರ ಕೃತಿಗಳನ್ನು ಅಭ್ಯಾಸ ಮಾಡಿ, ಕಲಾವಿದರೆಂದು ಹೆಸರು ಗಳಿಸುತ್ತಿದ್ದಾಗಲೇ 1889ರಲ್ಲಿ ಎಲ್ಲ ಬಿಟ್ಟು ಯೇಸುಸಭೆಗೆ ಸೇರಿದರು. ಗುರುದೀಕ್ಷೆ ಪಡೆಯಲಿಲ್ಲ, ಬ್ರದರ್ ಆಗಿಯೇ ಉಳಿದರು. 1899ರಿಂದ 1901ರವರೆಗೆ ಈ ಚಿತ್ರಗಳನ್ನು ಬರೆದರು. ಬಳಿಕ ಮುಂಬಯಿಯ ಪವಿತ್ರ ನಾಮದ ಪ್ರಧಾನಾಲಯದಲ್ಲೂ ಕೆಲಸ ಮಾಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮತ್ತೆ ಬೆರ್ಗಮೊ ಕಾಣಲಿಲ್ಲ.

ಗೋಡೆಯ ಚಿತ್ರಗಳು 'ಫ್ರೆಸ್ಕೊ' ಎಂಬ ವಿಧಾನದವು. ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ, ಸುಣ್ಣ ಬಳಿಯುವುದನ್ನು ಅವರು ನೋಡಿದ್ದಾರೆ. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನಂತಾಗುತ್ತದೆ. ಬಣ್ಣ ಅದರೊಳಗೆ ಸೆರೆಯಾಗುತ್ತದೆ. ಆದ್ದರಿಂದ ಬೆಳಗ್ಗೆ ಒಂದು ದಿನದ ಕೆಲಸಕ್ಕೆ ಸಾಕಾಗುವಷ್ಟು ಗಾರೆಯನ್ನೇ ಮೆತ್ತಬೇಕು, ಸಂಜೆಯೊಳಗೆ ಅಷ್ಟನ್ನೂ ಮುಗಿಸಬೇಕು. ತಪ್ಪಿದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಉಳಿದ ಚಿತ್ರಗಳು ಕ್ಯಾನ್ವಾಸ್ ಬಟ್ಟೆಯ ಮೇಲಿನ ತೈಲವರ್ಣದವು. ಮಂಗಳೂರಿನ ಮಳೆ, ಸೆಖೆ, ಕಡಲ ಗಾಳಿಗೆ ನೂರು ವರ್ಷ ತಡೆದುಕೊಂಡು ಮಾಸಿದ್ದ ಅವನ್ನು 1990ರ ದಶಕದ ಮೊದಲ ವರ್ಷಗಳಲ್ಲಿ 'ಇಂಟ್ಯಾಕ್' ಸಂಸ್ಥೆಯ ತಜ್ಞರು ಶುಚಿಗೊಳಿಸಿ ಉಳಿಸಿದರು.

ಛಾವಣಿಯ ಇಳಿಜಾರಿನಲ್ಲಿ ಪ್ರೇಷಿತರು ಇದ್ದಾರೆ. ಹಿಂದಿನ ಗೋಡೆಯಲ್ಲಿ ಮಕ್ಕಳ ಗೆಳೆಯನಾದ ಯೇಸುಸ್ವಾಮಿ. ಛಾವಣಿಯ ನಟ್ಟನಡುವಿನ ಸಾಲಿನಲ್ಲಿ ಮಾತ್ರ ಒಬ್ಬ ಹುಡುಗನ ಬಾಳಿನ ಕಥೆ. ಆತನೇ ಅಲೋಶಿಯಸ್, ಕೊಂಕಣಿ ಮಾತಾಡುವ ನಮ್ಮ ಹಿರಿಯರ ಬಾಯಲ್ಲಿ ಸಾಂ ಲುವಿಸ್. ಇದು ಕಾಲೇಜಿನ ದೇವಾಲಯ ಎಂಬುದನ್ನು ಮರೆಯಬಾರದು. ದಿನವೂ ಇಲ್ಲಿ ಕುಳಿತು ಮೇಲೆ ನೋಡುತ್ತಿದ್ದವರು ವಿದ್ಯಾರ್ಥಿಗಳು. ಈ ಚಿತ್ರಗಳು ಮಕ್ಕಳಿಗಾಗಿಯೇ ಬರೆದವು.

ಇಲ್ಲದ ಗುಮ್ಮಟ

ಮೊಸ್ಕೆನಿಯವರು ಇದನ್ನು ಶೂನ್ಯದಿಂದ ತಂದವರಲ್ಲ. ಅವರ ಮುಂದೆ ರೋಮಿನ ಒಂದು ಮಾದರಿಯಿತ್ತು. 1551ರಲ್ಲಿ ಸಂತ ಇಗ್ನಾಸಿ ಲೊಯೋಲರು ರೋಮಿನಲ್ಲಿ ಒಂದು ವಿದ್ಯಾಲಯ ತೆರೆದರು. ಹೆಸರು 'ರೋಮನ್ ಕಾಲೇಜು'. ಅದರ ವಿದ್ಯಾರ್ಥಿಗಳಿಗೆಂದು 1626ರಲ್ಲಿ ದೊಡ್ಡ ದೇವಾಲಯವೊಂದನ್ನು ಕಟ್ಟತೊಡಗಿದರು. ಅದೇ ಸಂತ ಇಗ್ನಾಸಿಯವರ ದೇವಾಲಯ. ಗೋಡೆ ಎದ್ದಿತು, ಛಾವಣಿ ಬಂತು, ಆದರೆ ಯೋಜಿಸಿದ್ದ ಗುಮ್ಮಟ ಮಾತ್ರ ಏಳಲಿಲ್ಲ. ಆಗ ಆಂದ್ರೆಯಾ ಪೊತ್ಸೊ ಎಂಬ ಚಿತ್ರಕಾರರು ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟದ ಚಿತ್ರ ಬರೆದು, 1685ರಲ್ಲಿ ಆ ಜಾಗದಲ್ಲಿ ಬಿಗಿದರು. ನೆಲದಲ್ಲಿ ಗುರುತು ಹಾಕಿದ ಜಾಗದಲ್ಲಿ ನಿಂತು ನೋಡಿದರೆ ಆಳವಾದ ಗುಮ್ಮಟ ಮೇಲೆದ್ದಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಅದು ವಾಲುತ್ತದೆ, ಗುಟ್ಟು ಬಯಲಾಗುತ್ತದೆ. ಮಕ್ಕಳು ಈ ಗುರುತಿನಿಂದ ಆಚೆಗೂ ಈಚೆಗೂ ಓಡುವುದನ್ನು ತಡೆಯುವುದೇ ಕಷ್ಟ.

ಪೊತ್ಸೊ ಕೂಡ ಯೇಸುಸಭೆಯ ಒಬ್ಬ ಬ್ರದರ್. ಗುರುವಲ್ಲ, ಪಂಡಿತರಲ್ಲ, ಕೈಕೆಲಸವನ್ನೇ ಪ್ರಾರ್ಥನೆಯಾಗಿ ಮಾಡಿಕೊಂಡವರು. ಇನ್ನೂರು ವರ್ಷಗಳ ಬಳಿಕ ಅದೇ ದಾರಿಯಲ್ಲಿ ಬಂದ ಇನ್ನೊಬ್ಬ ಬ್ರದರ್, ಇನ್ನೊಂದು ಕಾಲೇಜಿನ ದೇವಾಲಯದಲ್ಲಿ, ಅರಬ್ಬಿ ಕಡಲಿನ ದಡದಲ್ಲಿ ಕುಂಚ ಹಿಡಿದರು. ರೋಮನ್ನು ಮಂಗಳೂರಿನೊಂದಿಗೆ ಹೊಂದಿಸುವ ಗಂಟು ಇದೇ. ಇನ್ನೂ ಒಂದು ಗಂಟಿದೆ. ರೋಮಿನ ಆ ದೇವಾಲಯದ ಬಲಗಡೆಯ ಪೀಠದಲ್ಲಿ, ಕಡುನೀಲಿ ಕಲ್ಲಿನಿಂದ ಅಲಂಕರಿಸಿದ ಕರಂಡಕದಲ್ಲಿ ನಮ್ಮ ಅಲೋಶಿಯಸರ ಅಸ್ಥಿಗಳಿವೆ. ಎದುರಿನ ಎಡಗಡೆಯ ಪೀಠದಲ್ಲಿ ಸಂತ ಜಾನ್ ಬರ್ಕ್‌ಮನ್ಸರದು. ಪೀಠಬಾಲಕರ ಪಾಲಕ ಸಂತರೆಂದು ನಮ್ಮ ಪೀಠಬಾಲಕರಿಗೆ ಇವರು ಗೊತ್ತು. ಒಬ್ಬರು 23ಕ್ಕೆ, ಇನ್ನೊಬ್ಬರು 22ಕ್ಕೆ ತೀರಿಕೊಂಡವರು. ಇಬ್ಬರೂ ಅದೇ ಕಾಲೇಜಿನಲ್ಲಿ ಓದುತ್ತಿದ್ದವರು.

ತೋಪು ಹಾರಿಸಿದ ಹುಡುಗ

ಅಲೋಶಿಯಸ್ ಹುಟ್ಟಿದ್ದು 1568ರ ಮಾರ್ಚ್ 9ರಂದು, ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಸಣ್ಣ ಪಟ್ಟಣದ ಕೋಟೆಯಲ್ಲಿ. ತಂದೆ ಫೆರ್ರಾಂತೆ ಗೊನ್ಜಾಗ ಅಲ್ಲಿನ ಒಡೆಯ. ನಮ್ಮ ಕಡೆಯ ಪಾಳೆಯಗಾರರನ್ನು ನೆನೆಸಿಕೊಂಡರೆ ಸರಿಹೋಗುತ್ತದೆ. ಹಿರಿಯ ಮಗ ತನ್ನಂತೆಯೇ ದಂಡನಾಯಕನಾಗಬೇಕೆಂದು ತಂದೆಯ ಆಸೆ. ಐದರ ಆಸುಪಾಸಿನಲ್ಲೇ ಮಗನಿಗೆ ಪುಟ್ಟ ಕವಚ ತೊಡಿಸಿ ಸೈನ್ಯದ ಬಿಡಾರಕ್ಕೆ ಕರೆದೊಯ್ದರು. ಅಲ್ಲಿ ಹುಡುಗ ಮಾಡಿದ್ದೇನು? ಸೈನಿಕರು ವಿಶ್ರಮಿಸುತ್ತಿದ್ದಾಗ ಅವರ ಮದ್ದು ಕದ್ದು, ಸಣ್ಣ ತೋಪಿಗೆ ತುಂಬಿ ಹಾರಿಸಿಯೇ ಬಿಟ್ಟ! ಸೈನಿಕರ ಬಾಯಿಂದ ಕೇಳಿದ ಕೆಟ್ಟ ಮಾತುಗಳನ್ನೂ ಕಲಿತ. ಅರ್ಥ ತಿಳಿಯದೆ ಮನೆಯಲ್ಲಿ ಆಡಿದಾಗ ಗುರುಗಳು ಬಿಡಿಸಿ ಹೇಳಿದರು. ಆ ನಾಚಿಕೆಯನ್ನು ಆತ ಬಾಳಿಡೀ ಮರೆಯಲಿಲ್ಲ. ಸಂತರೆಂದರೆ ಹುಟ್ಟಿನಿಂದಲೇ ಕೈಮುಗಿದು ನಿಂತವರು ಎಂದು ನಂಬಿರುವ ಮಕ್ಕಳಿಗೆ ಈ ಕಥೆಯನ್ನು ಮೊದಲು ಹೇಳಬೇಕು.

ಒಂಬತ್ತನೆಯ ವಯಸ್ಸಿಗೆ ತಮ್ಮ ರೊದೊಲ್ಫೊನ ಜೊತೆ ಆತನನ್ನು ಫ್ಲಾರೆನ್ಸ್ ನಗರದ ಮೆದಿಚಿ ಅರಮನೆಗೆ ಕಳಿಸಿದರು. ಇಂದು ಲಕ್ಷಾಂತರ ಪ್ರವಾಸಿಗರು ಬೆರಗಿನಿಂದ ನೋಡುವ ನಗರ ಅದು. ಆ ಹುಡುಗ ಅಲ್ಲಿ ಕಂಡದ್ದು ಬೆಳಕಿನ ಹಿಂದಿನ ಕತ್ತಲನ್ನು: ಜೂಜು, ಮೋಸ, ಕಠಾರಿ, ವಿಷ. ಅಲ್ಲಿಯೇ ಮರಿಯಮ್ಮನವರ ದೇವಾಲಯದಲ್ಲಿ ಮೊಣಕಾಲೂರಿ ತನ್ನ ಬಾಳನ್ನು ದೇವರಿಗೆ ಒಪ್ಪಿಸಿದ. 1580ರಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದ ಸ್ವೀಕರಿಸಿದ. 1581ರಲ್ಲಿ ತಂದೆತಾಯಿಯರೊಂದಿಗೆ ಸ್ಪೇನಿಗೆ ಹೋಗಿ ರಾಜಕುಮಾರ ದಿಯೇಗೊನ ಸಂಗಡಿಗನಾಗಿ ಅರಮನೆ ಸೇರಿದ. ಮರುವರ್ಷವೇ ಆ ಪುಟ್ಟ ರಾಜಕುಮಾರ ತೀರಿಕೊಂಡ. ದೊಡ್ಡ ರಾಜ್ಯಗಳ ಒಡೆಯನಾಗಬೇಕಿದ್ದ ಮಗುವಿನ ಶವಪೆಟ್ಟಿಗೆಯನ್ನು ಕಂಡವನಿಗೆ ಕೋಟೆ, ಕಿರೀಟಗಳ ಬೆಲೆ ತಿಳಿಯದಿರುತ್ತದೆಯೇ?

ಯೇಸುಸಭೆಗೆ ಸೇರುತ್ತೇನೆ ಎಂದಾಗ ತಂದೆ ಸಿಡಿದೆದ್ದರು. ಬೈದರು, ತಡೆದರು, ಬಂಧುಬಳಗದವರಿಂದ ಬುದ್ಧಿ ಹೇಳಿಸಿದರು, ಊರೂರು ಸುತ್ತಿಸಿದರು. ಎಳೆದಾಟ ವರ್ಷಗಳ ಕಾಲ ನಡೆಯಿತು. ಇಲ್ಲಿ ಪೋಷಕರಾದ ನಾವು ಒಂದು ಕ್ಷಣ ನಿಲ್ಲಬೇಕು. ಫೆರ್ರಾಂತೆ ಕೆಟ್ಟ ತಂದೆಯಲ್ಲ. "ನಾನು ಕಟ್ಟಿದ್ದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದ ತಂದೆ, ಅಷ್ಟೇ. ಈ ಪ್ರಶ್ನೆ ನಮ್ಮ ತೋಟದ ಮನೆಗಳ ಜಗಲಿಯಲ್ಲಿ ದಿನವೂ ಕೇಳಿಬರುತ್ತದೆ. ಮಗ ಬೆಂಗಳೂರಿನಲ್ಲಿ, ಮಗಳು ಗಲ್ಫಿನಲ್ಲಿ. ಕಾಫಿ ಗಿಡ, ಮೆಣಸಿನ ಬಳ್ಳಿ ನೋಡಿಕೊಳ್ಳುವವರು ಯಾರು? ಮಕ್ಕಳ ಬಾಳಿನ ನಕ್ಷೆಯನ್ನು ನಾವೇ ಬರೆದು ಕೈಗಿಡಬೇಕೆನ್ನುವುದು ಪ್ರೀತಿಯೇ. ಆದರೆ ಆ ಪ್ರೀತಿ ಮಗುವಿನ ಮಾತನ್ನು ಕೇಳುವಷ್ಟು ಹೊತ್ತು ಸುಮ್ಮನಿರಬೇಕಾಗುತ್ತದೆ. ಕೊನೆಗೆ ಫೆರ್ರಾಂತೆಯೂ ಒಪ್ಪಿದರು. 1585ರ ನವೆಂಬರ್ 2ರಂದು ಹದಿನೇಳರ ಅಲೋಶಿಯಸ್ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬರೆದುಕೊಟ್ಟ. ಅದೇ ತಿಂಗಳ 25ರಂದು ರೋಮಿನಲ್ಲಿ ಯೇಸುಸಭೆಯ ನವಶಿಷ್ಯನಾದ.

1591ರ ರೋಮ್

ಅಲೋಶಿಯಸರು ಕಂಡ ರೋಮ್ ಅಂಚೆಕಾರ್ಡಿನ ರೋಮ್ ಅಲ್ಲ. ಸಂತ ಪೇತ್ರರ ದೇವಾಲಯದ ದೊಡ್ಡ ಗುಮ್ಮಟ ಅವರ ವಿದ್ಯಾರ್ಥಿ ದಿನಗಳಲ್ಲಿ ಮೇಲೇಳುತ್ತಿತ್ತು. 1590ರಲ್ಲಿ ಅದರ ಕಲ್ಲಿನ ಕೆಲಸ ಮುಗಿಯಿತು. ಅದೇ ಹೊತ್ತಿಗೆ ಮಳೆಬೆಳೆ ಕೆಟ್ಟು ಇಟಲಿಯಲ್ಲಿ ಕ್ಷಾಮ ಬಂತು. ಹಸಿದ ಹಳ್ಳಿಯ ಜನ ರೋಮಿಗೆ ನುಗ್ಗಿದರು. ಹಸಿವಿನ ಹಿಂದೆಯೇ ಸಾಂಕ್ರಾಮಿಕ ರೋಗ ಹರಡಿತು. ಹೊಸ ಗುಮ್ಮಟದ ಕೆಳಗಿನ ಬೀದಿಗಳಲ್ಲಿ ಜನ ಬಿದ್ದಲ್ಲೇ ಸತ್ತರು.

ಯೇಸುಸಭೆಯವರು ಆಸ್ಪತ್ರೆ ತೆರೆದರು. ಅರಮನೆಗಳಲ್ಲಿ ಬೆಳೆದ ಅಲೋಶಿಯಸರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಭಿಕ್ಷೆ ಬೇಡಿದರು. ರೋಗಿಗಳನ್ನು ಹೊತ್ತು ತಂದರು, ತೊಳೆದರು, ಉಣಿಸಿದರು. ಅವರಿಗೆ ಇದು ಸುಲಭವಾಗಿರಲಿಲ್ಲ. ಹುಣ್ಣು, ವಾಸನೆಗಳೆದುರು ಮೈ ಹಿಂಜರಿಯುತ್ತಿತ್ತು. ಆದರೂ ನಿಂತರು. ಸಂಗಡಿಗರು ಒಬ್ಬೊಬ್ಬರಾಗಿ ಮಲಗತೊಡಗಿದಾಗ ಮೇಲಿನವರು ಅವರನ್ನು ತಡೆದರು. ಕೊನೆಗೆ ಅಂಟುರೋಗವಿಲ್ಲದವರನ್ನು ನೋಡಿಕೊಳ್ಳುವ ಬೇರೊಂದು ಆಸ್ಪತ್ರೆಗೆ ಮಾತ್ರ ಹೋಗಲು ಬಿಟ್ಟರು. ಅಲ್ಲಿ ಅವರು ಎತ್ತಿ ಆರೈಕೆ ಮಾಡಿದ ಒಬ್ಬನಿಗೇ ರೋಗವಿತ್ತು. ಮಾರ್ಚ್ ಆರಂಭದಲ್ಲಿ ಹಾಸಿಗೆ ಹಿಡಿದರು. ಜೂನ್ 21ರಂದು ಪ್ರಾಣಬಿಟ್ಟರು. ಅವರ ಆತ್ಮಿಕ ಮಾರ್ಗದರ್ಶಕರಾಗಿದ್ದವರು ಸಂತ ರಾಬರ್ಟ್ ಬೆಲ್ಲರ್ಮಿನ್. 1726ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1729ರಲ್ಲಿ ಯುವಜನರ ಪಾಲಕರೆಂದು ಹೆಸರಿಸಿತು.

ಮೊಸ್ಕೆನಿಯವರು ಈ ಬಾಳನ್ನು ಮಂಗಳೂರಿನಲ್ಲಿ ಚಿತ್ರಿಸಿದ ಕಾಲವನ್ನೂ ಗಮನಿಸಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ 1898ರಲ್ಲಿ ಬೆಂಗಳೂರಿಗೆ, ಮೈಸೂರಿಗೆ ಹರಡಿತ್ತು. ಜನ ಮನೆಮಠ ಬಿಟ್ಟು ಊರಾಚೆ ಗುಡಿಸಲು ಕಟ್ಟಿಕೊಂಡಿದ್ದರು. ಸತ್ತವರನ್ನು ಮುಟ್ಟಲು ಬಂಧುಗಳೂ ಹೆದರುತ್ತಿದ್ದರು. ನಮ್ಮ ನಾಡಿನಲ್ಲಿ ಇಲಿ ಬಿದ್ದರೆ ಎದೆ ನಡುಗುತ್ತಿದ್ದ ಆ ದಿನಗಳಲ್ಲೇ ಕಾಲೇಜಿನ ಹುಡುಗರು ತಲೆಯೆತ್ತಿ ರೋಗಿಗಳ ಸೇವೆಯಲ್ಲಿ ಪ್ರಾಣ ಕೊಟ್ಟವನ ಬಾಳನ್ನು ನೋಡತೊಡಗಿದ್ದು. ಅವರಿಗೆ ಅದು ಹಳೆಯ ಕಥೆಯಾಗಿ ಕಂಡಿರಲಾರದು.

ನಮಗೂ ಅದು ಹಳೆಯ ಕಥೆಯಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಇಟಲಿಯಲ್ಲಿ ಅತಿ ಹೆಚ್ಚು ಬಾಧಿಸಿದ ಊರುಗಳಲ್ಲಿ ಮೊಸ್ಕೆನಿಯವರ ಬೆರ್ಗಮೊ ಒಂದು. ಸುಡಲು, ಹೂಳಲು ಜಾಗ ಸಾಲದೆ ಶವಪೆಟ್ಟಿಗೆಗಳನ್ನು ಸೇನೆಯ ಲಾರಿಗಳಲ್ಲಿ ರಾತ್ರಿ ಹೊರಗೆ ಸಾಗಿಸಿದ ದೃಶ್ಯವನ್ನು ಲೋಕವೇ ಕಂಡಿತು. ಆ ವರ್ಷ, ಅದರ ಮುಂದಿನ ವರ್ಷ ನಮ್ಮಲ್ಲೂ ಬಾಗಿಲುಗಳು ಮುಚ್ಚಿದವು. ಆಗ ರೋಗಿಯ ಮನೆಯ ಮುಂದೆ ಗಂಜಿಯ ಪಾತ್ರೆ ಇಟ್ಟು ಬಂದವರು, ಮಾಸ್ಕಿನೊಳಗೆ ಬೆವರುತ್ತಾ ರಾತ್ರಿಪಾಳಿ ಮಾಡಿದ ನರ್ಸ್ ಅಕ್ಕಂದಿರು ನಮ್ಮ ಮಕ್ಕಳಿಗೆ ನೆನಪಿರಬೇಕು. ಅಲೋಶಿಯಸರನ್ನು ಅರ್ಥಮಾಡಿಸಲು ಅವರಿಗಿಂತ ಒಳ್ಳೆಯ ವ್ಯಾಖ್ಯಾನವಿಲ್ಲ.

ಸೊಲ್ಫೆರಿನೊ ಎಂಬ ಹಳ್ಳಿ

ಕಥೆಗೆ ಇನ್ನೊಂದು ಕೊಂಡಿಯಿದೆ. ಅಣ್ಣನಿಂದ ಸಂಸ್ಥಾನ ಪಡೆದ ರೊದೊಲ್ಫೊ ಸುಮ್ಮನೆ ಕೂರಲಿಲ್ಲ. ಪಕ್ಕದ ಸೊಲ್ಫೆರಿನೊ ಎಂಬ ಜಾಗದ ಒಡೆತನಕ್ಕಾಗಿ ಮಾಂತುವಾದ ದೊರೆಯೊಂದಿಗೆ ಜಗಳ ತೆಗೆದ. ಇಬ್ಬರೂ ಒಂದೇ ಗೊನ್ಜಾಗ ಮನೆತನದವರು. ಸತ್ತ ಬಂಧುವೊಬ್ಬನ ಉಯಿಲಿನಿಂದ ಹುಟ್ಟಿದ ವ್ಯಾಜ್ಯ. ಪಾಲುಪಟ್ಟಿಯ ಕೇಸು ಎಂದರೇನು ಎಂದು ಕೊಡಗಿನವರಿಗೆ ಹೇಳಿಕೊಡಬೇಕೇ? ಕತ್ತಿ ಹಿರಿಯುವ ಹಂತಕ್ಕೆ ಹೋದಾಗ, 1589ರಲ್ಲಿ, ಸಂಧಾನಕ್ಕಾಗಿ ಅಲೋಶಿಯಸರನ್ನು ರೋಮಿನಿಂದ ಕಳಿಸಿದರು. ಆಸ್ತಿಯನ್ನೆಲ್ಲ ಬಿಟ್ಟವನ ಮಾತಿಗೆ ಇಬ್ಬರೂ ಬೆಲೆ ಕೊಟ್ಟರು. ರಾಜಿಯಾಯಿತು.

270 ವರ್ಷಗಳ ಬಳಿಕ, 1859ರ ಜೂನ್ 24ರಂದು, ಅದೇ ಸೊಲ್ಫೆರಿನೊದ ಬಯಲಿನಲ್ಲಿ ಒಂದು ಕಡೆ ಫ್ರೆಂಚರು ಮತ್ತು ಸಾರ್ಡಿನಿಯಾ ರಾಜ್ಯದವರು, ಇನ್ನೊಂದು ಕಡೆ ಆಸ್ಟ್ರಿಯನ್ನರು ಭೀಕರವಾಗಿ ಕಾದಾಡಿದರು. ಸಾವಿರಾರು ಗಾಯಾಳುಗಳನ್ನು ಪಕ್ಕದ ಕಾಸ್ತಿಲ್ಯೋನೆಗೆ, ಅಂದರೆ ಅಲೋಶಿಯಸರ ತವರಿಗೆ, ಗಾಡಿಗಳಲ್ಲಿ ತುಂಬಿ ತಂದರು. ದೇವಾಲಯಗಳ ನೆಲವೇ ಹಾಸಿಗೆಯಾಯಿತು. ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಸ್ವಿಟ್ಜರ್‌ಲೆಂಡಿನ ವ್ಯಾಪಾರಿ ಹೆನ್ರಿ ಡ್ಯುನಾಂಟ್ ಆ ನರಳಾಟ ಕಂಡು ನಿಂತುಬಿಟ್ಟರು. ಊರಿನ ಹೆಂಗಸರು ನೀರು, ಹರಕು ಬಟ್ಟೆ ಹಿಡಿದು ಬಂದರು. ಯಾವ ಸೈನ್ಯದವನೆಂದು ಕೇಳದೆ ಎಲ್ಲರನ್ನೂ ಅಣ್ಣತಮ್ಮಂದಿರೆಂದೇ ನೋಡಿಕೊಂಡರು. ಆ ದಿನಗಳ ನೆನಪಿನಿಂದ ಡ್ಯುನಾಂಟ್ ಬರೆದ ಪುಸ್ತಕ 1862ರಲ್ಲಿ ಹೊರಬಂತು; 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು. 1901ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಮೊಟ್ಟಮೊದಲಿಗೆ ಸಂದಾಗ ಅದನ್ನು ಪಡೆದ ಇಬ್ಬರಲ್ಲಿ ಡ್ಯುನಾಂಟ್ ಒಬ್ಬರು. ಮಂಗಳೂರಿನ ಚಿತ್ರಗಳು ಮುಗಿದ ವರ್ಷವೂ ಅದೇ. ಶಾಲೆಯಲ್ಲಿ ಜೂನಿಯರ್ ರೆಡ್ ಕ್ರಾಸ್ ಬ್ಯಾಡ್ಜ್ ಧರಿಸುವ ಮಗುವಿಗೆ ಹೇಳಿ: ಈ ಕೆಂಪು ಶಿಲುಬೆ ಸಾಂ ಲುವಿಸರ ಊರಿನಲ್ಲಿ ಮೊಳೆತ ಬೀಜ. ಇಂದು ಅಲ್ಲಿ ರೆಡ್ ಕ್ರಾಸಿನ ವಸ್ತುಸಂಗ್ರಹಾಲಯವೂ ಇದೆ.

ಹೋಗುವವರಿಗೆ ನಾಲ್ಕು ಮಾತು

ಮಂಗಳೂರಿಗಾಗಲಿ, ದೇವರ ಕೃಪೆಯಿಂದ ರೋಮಿಗಾಗಲಿ ಮಕ್ಕಳನ್ನು ಕರೆದೊಯ್ಯುವ ಪೋಷಕರಿಗೆ ಕೆಲವು ಸೂಚನೆಗಳು.

ಕಥೆ ಮೊದಲು, ಊರು ಆಮೇಲೆ. ಹೊರಡುವ ಹಿಂದಿನ ವಾರ ಜಪಸರವಾದ ಮೇಲೆ ದಿನಕ್ಕೊಂದು ಘಟನೆಯಂತೆ ಅಲೋಶಿಯಸರ ಬಾಳನ್ನು ಹೇಳಿ. ದೇವಾಲಯಕ್ಕೆ ಕಾಲಿಟ್ಟಾಗ "ಪರಮಪ್ರಸಾದದ ಚಿತ್ರ ಎಲ್ಲಿದೆ ಹುಡುಕು" ಎಂದರೆ ಸಾಕು. ತಿಳಿಸಿ ಹೇಳುವವರು ಮಕ್ಕಳೇ ಆಗುತ್ತಾರೆ, ಕೇಳುವವರು ನಾವು.

ಒಂದು ದಿನಕ್ಕೆ ಒಂದೆರಡು ಜಾಗ ಸಾಕು. ರೋಮಿನಲ್ಲಿ ಸಂತ ಇಗ್ನಾಸಿಯವರ ದೇವಾಲಯದಿಂದ ಕೆಲವೇ ನಿಮಿಷ ನಡೆದರೆ ಪ್ಯಾಂಥಿಯಾನ್ ಇದೆ. ಸಾಮ್ರಾಟ ಹೇಡ್ರಿಯನ್ ಕಾಲದಲ್ಲಿ, ಸುಮಾರು 1900 ವರ್ಷಗಳ ಹಿಂದೆ ಕಟ್ಟಿದ ಈ ಗುಡಿ 609ರಲ್ಲಿ ಮರಿಯಮ್ಮನವರ ಮತ್ತು ರಕ್ತಸಾಕ್ಷಿಗಳ ದೇವಾಲಯವಾಯಿತು. 43 ಮೀಟರ್ ಅಗಲದ ನಿಜವಾದ ಗುಮ್ಮಟ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಬಯಲು ಕಂಡಿ. "ಮಳೆ ಬಂದರೆ?" ಎಂದು ಕೊಡಗಿನ ಮಗು ಮೊದಲು ಕೇಳುತ್ತದೆ. ಮಳೆ ಒಳಗೇ ಸುರಿಯುತ್ತದೆ. ನೆಲದ ಸಣ್ಣ ತೂತುಗಳಿಂದ ಹರಿದುಹೋಗುತ್ತದೆ. ಒಂದೇ ಬೆಳಗ್ಗೆ ಮಕ್ಕಳು ಇರುವ ಗುಮ್ಮಟವನ್ನೂ ಇಲ್ಲದ ಗುಮ್ಮಟವನ್ನೂ ಹೋಲಿಸಿ ನೋಡಬಹುದು.

ಸಣ್ಣ ಸಂಗತಿಗಳನ್ನು ಮರೆಯಬೇಡಿ. ರೋಮಿನ ಬೇಸಗೆ ಬಿಸಿಲು ಸುಡುತ್ತದೆ, ಆದರೆ ಬೀದಿಬೀದಿಯಲ್ಲಿ ಕುಡಿಯುವ ನೀರಿನ ಕಬ್ಬಿಣದ ನಲ್ಲಿಗಳು ಸದಾ ಹರಿಯುತ್ತಿರುತ್ತವೆ. ಬಾಟಲಿ ಒಯ್ದರೆ ಸಾಕು. ಸಂತ ಪೇತ್ರರ ದೇವಾಲಯದಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು. ಮಂಗಳೂರಿನಲ್ಲಾದರೆ ಮಕ್ಕಳು ಬೆಂಚಿನಲ್ಲಿ ಒರಗಿ ಹತ್ತು ನಿಮಿಷ ಸುಮ್ಮನೆ ಮೇಲೆ ನೋಡಲಿ. ಮೊಬೈಲು ಚೀಲದಲ್ಲಿರಲಿ.

ಇನ್ನು, ಹೋಗಲಾಗದವರ ಮಾತು. ಜೂನ್ 21 ಎಂದರೆ ನಮ್ಮಲ್ಲಿ ಶಾಲೆ ತೆರೆದು, ಮುಂಗಾರು ಹಿಡಿದಿರುವ ಕಾಲ. ಜ್ವರ, ಕೆಮ್ಮು, ಮಂಡಿನೋವಿನಿಂದ ಬಲಿಪೂಜೆಗೆ ಬರಲಾಗದ ಅಜ್ಜ ಅಜ್ಜಿಯರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ಕಾಲೇಜಿನ ಗೋಡೆಯ ಮೇಲೆ ಆ ಚಿತ್ರ ಬರೆಸಿದವರ ಉದ್ದೇಶ ಹುಡುಗರು ಚಿತ್ರ ನೋಡಿ ಹೊಗಳಲಿ ಎಂದಲ್ಲ, ಗುಡ್ಡ ಇಳಿದು ಹೋಗಿ ಹಾಗೆಯೇ ಮಾಡಲಿ ಎಂದು. ಹಬ್ಬದ ದಿನ ಪೂಜೆ ಮುಗಿದ ಮೇಲೆ ಮಕ್ಕಳ ಕೈಗೆ ಒಂದು ಕೊಡೆ, ಒಂದು ಫ್ಲಾಸ್ಕ್ ಬಿಸಿ ಕಾಫಿ ಕೊಟ್ಟು ಅಂಥ ಒಂದು ಮನೆಗೆ ಕಳಿಸಿ. ಆದರೆ ನೀವೂ ಜೊತೆಗೆ ಹೋಗಿ. ಆ ಅಜ್ಜನ ಹತ್ತಿರ ಕುಳಿತು ಅವರ ಕಾಲದ ಕಥೆ ಕೇಳಲಿ. ಸಾಂ ಲುವಿಸರು ರೋಮಿನಲ್ಲಿ ಕೊನೆಗೆ ಹಿಡಿದ ದಾರಿ ಅಂಥದೇ ಒಂದು ಹಾಸಿಗೆಯ ಪಕ್ಕಕ್ಕೆ ಹೋಗುವ ದಾರಿಯಾಗಿತ್ತು. ಅವರ ಪ್ರಾರ್ಥನೆ ನಮ್ಮ ಮಕ್ಕಳ ಮೇಲಿರಲಿ.